ಒಂದೇ ಅಚ್ಚಿನ ಹನ್ನೆರಡು ದರ್ಪಣಸುಂದರಿಯರು

ಹೊಯ್ಸಳರ ಹೆಸರು ಹೇಳಿಕೊಂಡು ವ್ಯಾಪಾರ ಮಾಡುವುದು ಹಾಸನ ಜಿಲ್ಲೆಗೆ ಹೊಸತಲ್ಲ. ಲಾಡ್ಜು, ಬಟ್ಟೆ ಅಂಗಡಿ, ಔಷಧಿ ಅಂಗಡಿ, ಇಟ್ಟಿಗೆಗೂಡು, ಎಲ್ಲಕ್ಕೂ ಆ ಹೆಸರು ಹೊಂದುತ್ತದೆ. ಬೆಂಗಳೂರಿನ ಪೊಲೀಸರ ಗಸ್ತುವಾಹನಕ್ಕೇ ಆ ಹೆಸರನ್ನು ಇಟ್ಟಿರುವಾಗ ಹಳೇಬೀಡಿನ ಹಾದಿಯ ಚಹಾದಂಗಡಿಯವನು ಇಟ್ಟುಕೊಂಡರೆ ಆಕ್ಷೇಪಿಸಲು ನಾವು ಯಾರು? ಆದರೆ ಇಷ್ಟು ಕಾಲ ಹೊಯ್ಸಳರಿಂದ ಸಾಲ ಪಡೆಯುತ್ತಿದ್ದುದು ಹೆಸರನ್ನು ಮಾತ್ರ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ರೂಪವನ್ನೂ ಸಾಲ ಪಡೆಯುವ ಉಮೇದು ಕಾಣಿಸಿಕೊಂಡಿದೆ. ‘ಹೊಯ್ಸಳ ಶೈಲಿ’ ಎಂಬ ಎರಡು ಪದಗಳು ಈಗ ದೇವಾಲಯದ ಅಂಗಳದಿಂದ ಹೊರಟು ರಸ್ತೆಬದಿಯ ಹೋಟೆಲುಗಳ ನಕ್ಷೆಯೊಳಗೆ ಬಂದು ಕುಳಿತಿವೆ.

ಅಂಥದೊಂದು ಹೋಟೆಲನ್ನು ಅದರ ಬಾಗಿಲು ತೆರೆಯುವ ಮುನ್ನವೇ ನೋಡುವ ಅವಕಾಶ ನನಗೆ ದೊರೆಯಿತು. ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡಿನ ಮೂಲಕ ಬೇಲೂರಿಗೆ ಹೋಗುವ ಹಾದಿಯಲ್ಲಿ, ಒಂದು ಕೆರೆಯ ಮಗ್ಗುಲಿಗೆ ಅದು ಏಳುತ್ತಿದೆ. ಊರಿನ ಹೆಸರನ್ನಾಗಲೀ ಮಾಲೀಕರ ಹೆಸರನ್ನಾಗಲೀ ಇಲ್ಲಿ ಹೇಳುವುದು ಸರಿಯಲ್ಲ, ಅವರು ಸಜ್ಜನರು. ತೆಂಗಿನ ತೋಟದ ಒಂದು ಭಾಗವನ್ನು ಮಾರಿ, ಮಿಕ್ಕಿದ್ದನ್ನು ಬ್ಯಾಂಕಿಗೆ ಒತ್ತೆಯಿಟ್ಟು ಹಣ ಹೊಂದಿಸಿದವರು. ದೇವಾಲಯಗಳ ಬಗೆಗೆ ನಾನು ಆಗೊಮ್ಮೆ ಈಗೊಮ್ಮೆ ಬರೆಯುತ್ತೇನೆಂಬ ಕಾರಣಕ್ಕೆ ಫೋನು ಮಾಡಿ, “ಒಂದ್ಸಲ ಬಂದು ನೋಡಿ ಸಾರ್, ಏನಾದ್ರೂ ಹೆಚ್ಚುಕಡಿಮೆ ಇದ್ರೆ ಹೇಳಿ, ಓಪನಿಂಗಿಗೆ ಇನ್ನೂ ತಿಂಗಳಿದೆ” ಎಂದರು. ಹೆಚ್ಚುಕಡಿಮೆ ಏನಾದರೂ ಇದ್ದರೆ ಎಂದು ಅವರು ಕೇಳಿದ್ದರು. ನೋಡಿ ಮುಗಿಸುವ ಹೊತ್ತಿಗೆ ಎಲ್ಲಿಂದ ಆರಂಭಿಸಬೇಕೆಂಬುದೇ ನನಗೆ ತಿಳಿಯದಾಯಿತು.

ರಸ್ತೆಯಿಂದ ಮೊದಲು ಕಾಣುವುದು ಗೋಪುರ. ಚಿನ್ನದ ಬಣ್ಣ ಬಳಿದ, ಮೂರಂತಸ್ತಿನಷ್ಟು ಎತ್ತರದ ಹೆಬ್ಬಾಗಿಲ ಗೋಪುರ. ಹೊಯ್ಸಳರು ಗೋಪುರದ ಮೋಹ ಇದ್ದವರಲ್ಲ. ಬೇಲೂರಿನಲ್ಲಿ ಇಂದು ನಾವು ಕಾಣುವ ರಾಯಗೋಪುರವೂ ಅವರದಲ್ಲ. ಅದು ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ್ದು. ಚೆನ್ನಕೇಶವನ ಗುಡಿಯ ಮೇಲೆ ಇದ್ದ ಶಿಖರವನ್ನು 1879ರಲ್ಲಿ, ಒಳಗಿನ ಕಟ್ಟಡಕ್ಕೆ ಭಾರವಾಗುತ್ತದೆಂದು ಇಳಿಸಲಾಯಿತು. ಹೊಯ್ಸಳೇಶ್ವರಕ್ಕಂತೂ ಇಂದು ಶಿಖರವೇ ಇಲ್ಲ. ಹೀಗೆ ನಮ್ಮ ಎರಡು ಪ್ರಸಿದ್ಧ ಗುಡಿಗಳು ಇಂದು ಕಣ್ಣಿಗೆ ಕಾಣುವುದು ತಗ್ಗಾಗಿ, ನೆಲಕ್ಕೆ ಒರಗಿದಂತೆ, ಅಡ್ಡಡ್ಡಲಾಗಿ ಹರಡಿಕೊಂಡಂತೆ. ದೂರದಿಂದ ಬಂದವನನ್ನು ಅವು ಬೆರಗುಗೊಳಿಸುವುದಿಲ್ಲ. ‘ಇಷ್ಟೆಯೇ?’ ಎಂದುಕೊಂಡೇ ಅನೇಕರು ಒಳಬರುತ್ತಾರೆ. ಹತ್ತಿರ ಬಂದಂತೆ, ಇನ್ನೂ ಹತ್ತಿರ ಬಂದಂತೆ, ಕೊನೆಗೆ ಮೂಗು ತಾಗುವಷ್ಟು ಹತ್ತಿರ ಬಂದಾಗ ಆ ಕಲ್ಲು ಮಾತಾಡತೊಡಗುತ್ತದೆ. ಹೆದ್ದಾರಿಯ ಹೋಟೆಲಿಗೆ ಈ ಸಂಯಮ ಒಗ್ಗದು, ಅರವತ್ತು ಕಿಲೋಮೀಟರು ವೇಗದಲ್ಲಿ ಹೋಗುವವನ ಕಣ್ಣಿಗೆ ಬೀಳಬೇಕಲ್ಲ ಎಂಬುದು ಒಪ್ಪತಕ್ಕ ವಾದವೇ. ಹಾಗಿದ್ದರೆ ಒಂದು ದೊಡ್ಡ ಫಲಕ ಸಾಕಿತ್ತು.

ಬಾಗಿಲಲ್ಲಿ ಸಳ ಇದ್ದಾನೆ, ಹುಲಿಯೂ ಇದೆ. ಹುಲಿಯ ಕಣ್ಣಿಗೆ ಕೆಂಪು ಬಲ್ಬು ಇಟ್ಟಿದ್ದಾರೆ. ಅದರ ಬಗೆಗೆ ಹೆಚ್ಚು ಹೇಳುವುದು ಬೇಡ.

ಒಳಗೆ ಕಾಲಿಟ್ಟರೆ ಎರಡೂ ಬದಿಯಲ್ಲಿ ಸಾಲಾಗಿ ಕಂಬಗಳು. ಕಟ್ಟಡದ ಭಾರ ಹೊತ್ತಿರುವುದು ಚೌಕಾಕಾರದ ಕಾಂಕ್ರೀಟು ಕಂಬಗಳು. ಅವುಗಳ ಸುತ್ತ ಫೈಬರಿನ ಕವಚ ತೊಡಿಸಿ, ಕಡೆದ ಕಂಬದ ಆಕಾರ ಕೊಟ್ಟು, ಬೂದುಬಣ್ಣ ಸಿಂಪಡಿಸಿದ್ದಾರೆ. ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು. ಇಷ್ಟಕ್ಕೇ ನಾನು ಬೇಸರಪಡುತ್ತಿರಲಿಲ್ಲ. ಇಂದು ಹೋಟೆಲು ಕಟ್ಟುವವನು ಬಳಪದ ಕಲ್ಲನ್ನು ತಂದು ತಿರುಗಣಿಗೆ ಕೊಟ್ಟು ಕಡೆಸಬೇಕೆಂದು ಯಾರೂ ಹೇಳಲಾರರು. ನನ್ನನ್ನು ಕಾಡಿದ್ದು ಬೇರೆ. ಅಲ್ಲಿದ್ದ ಇಪ್ಪತ್ತು ಕಂಬಗಳೂ ಒಂದೇ ಅಚ್ಚಿನವು. ಅವುಗಳ ಮೇಲ್ತುದಿಯಲ್ಲಿ ಓರೆಯಾಗಿ ನಿಲ್ಲಿಸಿದ ಹನ್ನೆರಡು ಮದನಿಕೆಯರೂ ಒಂದೇ ಅಚ್ಚಿನವರು. ಹನ್ನೆರಡೂ ದರ್ಪಣಸುಂದರಿಯೇ. ಹನ್ನೆರಡು ಕೈಗಳಲ್ಲಿ ಹನ್ನೆರಡು ಕನ್ನಡಿಗಳು, ಹನ್ನೆರಡು ತುಟಿಗಳಲ್ಲಿ ಅದೇ ನಗೆ. ಒಬ್ಬಳ ಮೂಗಿನ ಬಳಿ ಅಚ್ಚಿನಲ್ಲೇ ಸೇರಿಕೊಂಡಿದ್ದ ಗುಳ್ಳೆಯೊಂದು ಹನ್ನೆರಡು ಮೂಗುಗಳಿಗೂ ಪ್ರಾಪ್ತವಾಗಿತ್ತು.

ಬೇಲೂರಿಗೆ ಹೋದವರಿಗೆ ಇದು ಏಕೆ ನೋವಿನ ಸಂಗತಿ ಎಂಬುದನ್ನು ವಿವರಿಸಬೇಕಾಗಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ಗುಡಿಯ ನವರಂಗದಲ್ಲಿ, ನಡುವಣ ನಾಲ್ಕನ್ನು ಬಿಟ್ಟರೆ, ಒಂದು ಕಂಬದಂತೆ ಇನ್ನೊಂದಿಲ್ಲ. ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು, ಹೀಗೆ ನಲವತ್ತೆರಡು ಮದನಿಕೆಯರು. ಒಬ್ಬಳು ಕನ್ನಡಿ ನೋಡುತ್ತಿದ್ದರೆ ಇನ್ನೊಬ್ಬಳು ಗಿಳಿಯೊಡನೆ ಮಾತಾಡುತ್ತಾಳೆ, ಮತ್ತೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತದೆ, ಬೇಟೆಗೆ ಹೊರಟವಳಿದ್ದಾಳೆ, ಮದ್ದಳೆ ಬಾರಿಸುವವಳಿದ್ದಾಳೆ. ಅಷ್ಟೇ ಅಲ್ಲ. ಆ ಕಾಲದ ಬೇರೆಡೆಯ ಶಿಲ್ಪಿಗಳಲ್ಲಿ ಅಪರೂಪವಾಗಿ ಕಾಣುವ ಒಂದು ಕೆಲಸವನ್ನು ಇಲ್ಲಿಯವರು ಧಾರಾಳವಾಗಿ ಮಾಡಿದರು: ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳು ಒಂಬೈನೂರು ವರ್ಷಗಳ ಮೇಲೂ ಓದಲು ಸಿಗುತ್ತವೆ. ಮುಂದೆ ಮಲ್ಲಿತಮ್ಮನ ಹೆಸರನ್ನು 1196ರ ಅಮೃತಪುರದಲ್ಲೂ 1268ರ ಸೋಮನಾಥಪುರದಲ್ಲೂ ಕಾಣುತ್ತೇವೆ. ಇದು ನನ್ನ ಕೈಯ ಕೆಲಸ, ಪಕ್ಕದ್ದು ಅವನ ಕೈಯ ಕೆಲಸ ಎಂಬ ಪೈಪೋಟಿಯಲ್ಲಿ ಹುಟ್ಟಿದ ಕಲೆ ಅದು. ಹೊಯ್ಸಳ ಶೈಲಿಯ ಸಾರವೇನೆಂದು ಯಾರಾದರೂ ಕೇಳಿದರೆ, ಮರುಕಳಿಸದಿರುವುದು ಎಂದು ನಾನು ಹೇಳುತ್ತೇನೆ. ಅದನ್ನು ಒಂದು ಅಚ್ಚಿಗೆ ಇಳಿಸಿದೊಡನೆ ಉಳಿಯುವುದು ಶೈಲಿಯ ಸಿಪ್ಪೆ.

ಗೋಡೆಯ ಉದ್ದಕ್ಕೂ ಪಟ್ಟಿಕೆಗಳಿವೆ. ಹಳೇಬೀಡಿನ ಗೋಡೆಯ ಕೆಳಭಾಗದಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ ಎಂದು ಸಾಲಿನ ಮೇಲೆ ಸಾಲು ಬರುತ್ತವೆಯಲ್ಲ, ಅದರ ಅನುಕರಣೆ. ಈ ಹೋಟೆಲಿನಲ್ಲಿ ಹಂಸಗಳು ನೆಲದ ಬಳಿ ಇವೆ, ಆನೆಗಳು ಚಾವಣಿಗೆ ತಾಗಿಕೊಂಡು ನಡೆಯುತ್ತಿವೆ. ಏಕೆಂದು ವಿಚಾರಿಸಿದೆ. ಊಟಕ್ಕೆ ಕುಳಿತವರ ಕುರ್ಚಿಗಳು ತಾಗಿ ಆನೆಯ ಸೊಂಡಿಲು ಮುರಿದೀತೆಂದು ಕಂಟ್ರಾಕ್ಟರು ಮೇಲಕ್ಕೆ ಕಳಿಸಿದರಂತೆ! ಆನೆ ಕೆಳಗಿರುವುದು ಅಲಂಕಾರಕ್ಕಲ್ಲ. ಇಡೀ ಗುಡಿಯ ಭಾರವನ್ನು ಅದು ಬೆನ್ನ ಮೇಲೆ ಹೊತ್ತಿದೆಯೆಂಬ ಭಾವನೆ ನೋಡುವವನ ಮೈಗೆ ಬರಬೇಕು; ಹಾಗಾಗಿಯೇ ಗಟ್ಟಿಯಾದದ್ದು ಕೆಳಗೆ, ಹಾರುವಂಥದು ಮೇಲೆ. ಶಿಲ್ಪಶಾಸ್ತ್ರ ಓದದ ಹಳ್ಳಿಯ ಮೇಸ್ತ್ರಿಗೂ ಇದು ಗೊತ್ತು. ದಪ್ಪ ಕಲ್ಲನ್ನು ಅವನು ಪಾಯಕ್ಕೆ ಹಾಕುತ್ತಾನೆಯೇ ಹೊರತು ಸೂರಿಗಲ್ಲ. ಆದರೆ ಇಲ್ಲಿ ಪಟ್ಟಿಕೆಯನ್ನು ಅಂಟಿಸಿದವನು ಮೇಸ್ತ್ರಿಯಲ್ಲ, ‘ಥೀಮ್’ ಒದಗಿಸುವ ಕಂಪನಿ ಕಳಿಸಿದ ಹುಡುಗ. ಆ ಕಂಪನಿಯ ದರಪಟ್ಟಿಯನ್ನು ಮಾಲೀಕರು ನನಗೆ ತೋರಿಸಿದರು. ರಾಜಸ್ಥಾನ, ಕೇರಳ, ಪಂಜಾಬಿ ಢಾಬಾ, ಹೊಯ್ಸಳ, ನಾಲ್ಕಕ್ಕೂ ಚದರಡಿಗೆ ಒಂದೇ ಬೆಲೆ.

ಇಂಥ ಕಟ್ಟಡಗಳನ್ನು ಕುರಿತು ಹೊರದೇಶಗಳಲ್ಲಿ ಗಂಭೀರವಾದ ಚರ್ಚೆಯೇ ನಡೆದಿದೆ. ಅಮೆರಿಕದ ಲಾಂಗ್ ಐಲೆಂಡಿನಲ್ಲಿ ಬಾತುಕೋಳಿ ಸಾಕುವವನೊಬ್ಬ 1931ರಲ್ಲಿ ಬಾತುಕೋಳಿಯ ಆಕಾರದಲ್ಲೇ ಅಂಗಡಿ ಕಟ್ಟಿಸಿದ. ವಾಸ್ತುಶಿಲ್ಪಿಗಳಾದ ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್ ಮತ್ತು ಸ್ಟೀವನ್ ಐಜೆನೂರ್ 1972ರಲ್ಲಿ ಲಾಸ್ ವೇಗಸ್ ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕಟ್ಟಡಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು ‘ಬಾತುಕೋಳಿ’: ಇಡೀ ಕಟ್ಟಡವೇ ಸಂಕೇತ. ಇನ್ನೊಂದು ‘ಅಲಂಕರಿಸಿದ ಕೊಟ್ಟಿಗೆ’: ಒಳಗೆ ಸಾಧಾರಣ ಕಟ್ಟಡ, ಮುಂದೆ ಅಲಂಕಾರದ ಮುಖವಾಡ. ರಸ್ತೆಬದಿಯ ವ್ಯಾಪಾರಿ ಕಟ್ಟಡಗಳನ್ನು ಬಯ್ಯುವ ಬದಲು ಅವುಗಳಿಂದ ಕಲಿಯೋಣವೆಂಬುದು ಅವರ ನಿಲುವು. ಅಲಂಕರಿಸಿದ ಕೊಟ್ಟಿಗೆಯನ್ನು ಅವರು ಹೀಗಳೆಯಲಿಲ್ಲ, ಅದರ ಪರವಾಗಿಯೇ ನಿಂತರು. ನಾನೂ ಹೀಗಳೆಯಲು ಸಿದ್ಧನಿಲ್ಲ. ಆದರೆ ಅವರು ನೋಡಿದ್ದು ಮರಳುಗಾಡಿನ ನಡುವೆ ಎದ್ದ ಊರನ್ನು. ಅಲ್ಲಿ ಮುಖವಾಡದ ಪಕ್ಕದಲ್ಲಿ ಮುಖ ಇರಲಿಲ್ಲ. ನಮ್ಮಲ್ಲಿ ಹೋಟೆಲಿನಿಂದ ಹೊರಟ ಕಾರು ಅರ್ಧಗಂಟೆಯೊಳಗೆ ಹೊಯ್ಸಳೇಶ್ವರದ ಎದುರು ನಿಲ್ಲುತ್ತದೆ. ಬೆಳಿಗ್ಗೆ ದರ್ಪಣಸುಂದರಿಯನ್ನು ಹನ್ನೆರಡು ಸಲ ನೋಡಿದ ಮಗು ಮಧ್ಯಾಹ್ನ ಬೇಲೂರಿನಲ್ಲಿ ಹದಿಮೂರನೆಯ ಸಲ ನೋಡುತ್ತದೆ. ಆ ಮಗುವಿಗೆ ಬೇಸರ ಬಂದರೆ ತಪ್ಪು ಮಗುವಿನದಲ್ಲ.

ಊಟದ ಪಟ್ಟಿಯ ಕರಡು ಕೂಡ ಮೇಜಿನ ಮೇಲಿತ್ತು. ವಿಷ್ಣುವರ್ಧನ ಥಾಲಿ, ಬಲ್ಲಾಳ ಬಿರಿಯಾನಿ, ಜಕ್ಕಣ ಗೋಬಿ ಮಂಚೂರಿ, ಶಾಂತಲಾ ಅನ್‌ಲಿಮಿಟೆಡ್ ಊಟ. ಕೊನೆಯದನ್ನು ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ. ಶಾಂತಲೆ ಜಿನಭಕ್ತೆ. ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡವಳು. ಅವಳ ತಾಯಿ ಮಾಚಿಕಬ್ಬೆ ಅನ್ನಾಹಾರ ತೊರೆದು, ಸಲ್ಲೇಖನ ವ್ರತದಿಂದ ದೇಹ ಬಿಟ್ಟಳೆಂದು ಶಾಸನ ಹೇಳುತ್ತದೆ. ಅಂಥವಳ ಮಗಳ ಹೆಸರಿನಲ್ಲಿ ಹೊಟ್ಟೆ ಬಿರಿಯುವವರೆಗೆ ಬಡಿಸುವ ಯೋಜನೆ! ಮಾಲೀಕರಿಗೆ ಇದನ್ನು ತಿಳಿಸಿದಾಗ ಅವರು ಪ್ರಾಮಾಣಿಕವಾಗಿ ನೊಂದುಕೊಂಡರು. “ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲ ಸಾರ್, ಅದನ್ನ ಇವತ್ತೇ ತೆಗೆಸ್ತೀನಿ” ಎಂದರು. ತೆಗೆಸಿಯೂ ಬಿಟ್ಟರು.

ಹೊಯ್ಸಳರ ಕಾಲದ ಊಟ ಹೇಗಿತ್ತೆಂದು ತಿಳಿಯುವ ಮನಸ್ಸಿದ್ದವರಿಗೆ ಸಾಮಗ್ರಿ ಇಲ್ಲದಿಲ್ಲ. ವಿಷ್ಣುವರ್ಧನ ಹೆಸರಿಗಾದರೂ ಯಾರ ಸಾಮಂತನಾಗಿದ್ದನೋ ಆ ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆಂದೇ ಒಂದು ಭಾಗವಿದೆ, ಇಡ್ಲಿ, ದೋಸೆ, ವಡೆಗಳ ಪೂರ್ವಜರನ್ನು ಅಲ್ಲಿ ಗುರುತಿಸಬಹುದು. ಅದಕ್ಕೂ ಒಂದು ಶತಮಾನ ಹಿಂದಿನ, ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಚಾರ ಕನ್ನಡದಲ್ಲೇ ಬಂದಿದೆ. ಅಂದಿನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ, ಟೊಮ್ಯಾಟೊ ಇರಲಿಲ್ಲ, ಇಂದು ಹಾಸನ ಜಿಲ್ಲೆಗೆ ಹೆಸರು ತಂದಿರುವ ಆಲೂಗೆಡ್ಡೆಯೂ ಇರಲಿಲ್ಲ. ಅವೆಲ್ಲ ಪೋರ್ಚುಗೀಸರು ಬಂದ ನಂತರ ಅಮೆರಿಕ ಖಂಡದಿಂದ ಬಂದವು. ಖಾರಕ್ಕೆ ಇದ್ದದ್ದು ಮಲೆನಾಡಿನ ಕರಿಮೆಣಸು. ಹಾಗೆಂದು ನಾನು ಮೆಣಸಿನಕಾಯಿ ಇಲ್ಲದ ಹೋಟೆಲು ನಡೆಸಿರೆಂದು ಅವರಿಗೆ ಸಲಹೆ ಕೊಡಲಿಲ್ಲ. ಮೂರು ದಿನವೂ ನಡೆಯದು. ವಾರಕ್ಕೊಂದು ದಿನ, ಒಂದೇ ಒಂದು ಬಗೆ, ಕರಿಮೆಣಸಿನ ಸಾರು ಮತ್ತು ಕಡುಬು ಮಾಡಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಸಾಕು ಎಂದೆ. ಫೈಬರಿನ ಮದನಿಕೆ ಹೇಳಲಾರದ್ದನ್ನು ಆ ಸಾರು ಹೇಳುತ್ತದೆ.

ಅದಿರಲಿ, ಒಂಬೈನೂರು ವರ್ಷ ಹಿಂದಕ್ಕೆ ಹೋಗುವುದೇಕೆ? ಈ ಹಾದಿಯಲ್ಲಿ ಇವತ್ತಿನ ಮನೆಗಳಲ್ಲಿ ಬೇಯುವುದೇ ಆ ಪಟ್ಟಿಯಲ್ಲಿ ಇರಲಿಲ್ಲ. ರಾಗಿಮುದ್ದೆ, ಹುರುಳಿಸಾರು, ಬಸ್ಸಾರು, ಅವರೆಕಾಳಿನ ಹುಳಿ, ಅಕ್ಕಿರೊಟ್ಟಿ, ಹಿಂಡಿದ ಹಾಲಿನಲ್ಲೇ ಬೇಯಿಸುವಷ್ಟು ತೆಂಗಿನಕಾಯಿ, ಇವು ಯಾವುವೂ ಇಲ್ಲ. ಅರಸೀಕೆರೆ ಕೊಬ್ಬರಿಯ ಊರು. ಆ ಊರಿನ ಹಾದಿಯ ಹೋಟೆಲಿನಲ್ಲಿ ಕೊಬ್ಬರಿಯದೊಂದು ಮಿಠಾಯಿಯೂ ಇಲ್ಲದೆ ‘ಚಾಕೊಲೇಟ್ ಹೊಯ್ಸಳ’ ಎಂಬ ಐಸ್‌ಕ್ರೀಮು ಇತ್ತು. ಸುತ್ತಲಿನ ಹಳ್ಳಿಯ ಹೆಂಗಸರು ಯಾರಾದರೂ ಅಡುಗೆಗೆ ಬರುತ್ತಾರೆಯೇ ಎಂದು ಕೇಳಿದೆ. ಬಾಣಸಿಗರ ತಂಡವೊಂದು ಹೊರರಾಜ್ಯದಿಂದ ಬರಲಿದೆಯೆಂದರು. ಪಾತ್ರೆ ತೊಳೆಯಲು ಮಾತ್ರ ಊರಿನವರು.

ವಿಷಯ ಇಟ್ಟುಕೊಂಡು ಹೋಟೆಲು ಕಟ್ಟುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದ ಮಗ್ಗುಲಲ್ಲೇ ಇರುವ ಲೋಕರುಚಿಯಲ್ಲಿ ಉಂಡವರಿಗೆ, ಹಳ್ಳಿಯ ಊಟವೂ ಹಳ್ಳಿಯ ವಸ್ತುಗಳೂ ಒಂದಕ್ಕೊಂದು ಹೇಗೆ ಒದಗಿಬರುತ್ತವೆಂಬುದು ಗೊತ್ತು. ಅಹಮದಾಬಾದಿನಲ್ಲಿ 1978ರಲ್ಲಿ ಆರಂಭವಾದ ವಿಶಾಲಾ, ಗುಜರಾತಿನ ಹಳ್ಳಿಯ ಊಟ ಬಡಿಸುತ್ತಲೇ ಹಳೆಯ ಪಾತ್ರೆಪಡಗಗಳ ಸಂಗ್ರಹಾಲಯವನ್ನೂ ಕಟ್ಟಿತು. ಅಲ್ಲಿ ಪ್ರದರ್ಶನಕ್ಕಿಟ್ಟ ತಾಮ್ರದ ಹಂಡೆ ನಿಜವಾದ ತಾಮ್ರದ ಹಂಡೆ. ಇನ್ನು ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿಭವನಕ್ಕೆ ಯಾರೂ ವಿಷಯವನ್ನೇ ಕೊಟ್ಟಿರಲಿಲ್ಲ. 1943ರಿಂದ ದೋಸೆ ಹುಯ್ಯುತ್ತ ಹುಯ್ಯುತ್ತ, ಗೋಡೆಯ ಮೇಲಿನ ಸಾಹಿತಿಗಳ ಚಿತ್ರಗಳೊಡನೆ ಅದು ತಾನೇ ಒಂದು ವಿಷಯವಾಯಿತು.

ಆದರೆ ಈ ಪ್ರಸಂಗದಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ತಿರುವನಂತಪುರದ ಬಸ್‌ನಿಲ್ದಾಣದ ಬಳಿಯಿರುವ ಇಂಡಿಯನ್ ಕಾಫಿ ಹೌಸ್. ಲಾರಿ ಬೇಕರ್ ರೂಪಿಸಿದ್ದು. ಬರಿಯ ಇಟ್ಟಿಗೆ, ಕೆಂಪು ಬಣ್ಣ. ಮಹಡಿಗಳೇ ಇಲ್ಲ, ಬುಡದಿಂದ ತುದಿಯವರೆಗೆ ಇಳಿಜಾರಾದ ಒಂದೇ ನೆಲ ಸುರುಳಿಯಾಗಿ ಮೇಲೇರುತ್ತದೆ. ಆ ಏರಿನ ಹೊರಬದಿಗೆ ಸಾಲಾಗಿ, ಗೋಡೆಯೊಡನೆಯೇ ಕಟ್ಟಿದ ಮೇಜು ಮತ್ತು ಬೆಂಚು. ಗೋಡೆಯ ತುಂಬ ಕಿಂಡಿಗಳು. ಬೆಳಕೂ ಗಾಳಿಯೂ ಅವುಗಳ ಮೂಲಕವೇ ಬರಬೇಕು. ಬಸ್ಸಿಗೆ ಕಾಯುವವನು ಒಂದು ಕಾಫಿ ಕುಡಿದು ಹತ್ತು ನಿಮಿಷ ಕೂರುವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ಯೋಚಿಸಿ ಕಟ್ಟಿದ್ದು. ಕೇರಳದ್ದೆಂದು ಹೇಳುವ ಕಥಕ್ಕಳಿಯ ಮುಖವಾಡವಾಗಲೀ ದೋಣಿಯಾಗಲೀ ಅಲ್ಲಿ ಬೇಕಾಗಲಿಲ್ಲ. ಆದರೂ ಆ ಊರಿಗೆ ಹೋದವರು ಅದನ್ನು ನೋಡದೆ ಬರುವುದಿಲ್ಲ.

ಬೇಕರ್ ಅವರ ಕಿಂಡಿಗಳನ್ನು ನೆನೆದಾಗ ಬೇಲೂರಿನ ಜಾಲಂಧ್ರಗಳೂ ನೆನಪಾಗುವುದು ಆಕಸ್ಮಿಕವಲ್ಲ. ಚೆನ್ನಕೇಶವನ ಮಂಟಪ ಮೊದಲಿಗೆ ತೆರೆದೇ ಇತ್ತು. ಇಮ್ಮಡಿ ಬಲ್ಲಾಳನ ಕಾಲದಲ್ಲಿ ಅದಕ್ಕೆ ಗೋಡೆಯನ್ನೂ ಜಾಲರಿಯ ಕಿಟಕಿಗಳನ್ನೂ ಕೂಡಿಸಿದರು. ಮುಚ್ಚಬೇಕಾಗಿ ಬಂದಾಗಲೂ ಪೂರ್ತಿ ಮುಚ್ಚಲು ಅವರ ಕೈ ಬರಲಿಲ್ಲ. ಅರಸೀಕೆರೆಯ ಈಶ್ವರ ದೇವಾಲಯವನ್ನು ನೋಡಿ. 1220ರ ಸುಮಾರಿನದು. ಬೇಲೂರಿಗೆ ರೈಲಿನಲ್ಲಿ ಬರುವವರೆಲ್ಲ ಅರಸೀಕೆರೆಯಲ್ಲಿ ಇಳಿದು ಬಸ್ಸು ಹಿಡಿಯುತ್ತಿದ್ದ ಕಾಲದಲ್ಲೂ ಆ ಗುಡಿಯತ್ತ ತಿರುಗಿ ನೋಡಿದವರು ಕಡಿಮೆ. ಇವತ್ತೂ ಅದೇ ಸ್ಥಿತಿ. ಅದರ ಮುಂಭಾಗದ ಮಂಟಪ ನಕ್ಷತ್ರದಾಕಾರದ್ದು, ಎಲ್ಲ ಬದಿಗೂ ತೆರೆದದ್ದು, ಮೇಲೆ ಗುಮ್ಮಟದಂತೆ ಮೇಲೆದ್ದ ಕಲ್ಲಿನ ಚಾವಣಿ. ಅಂಚಿಗೆ ಸುತ್ತಲೂ ಕುಳಿತುಕೊಳ್ಳಲು ಕಲ್ಲಿನ ಜಗುಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಆ ಜಗುಲಿಯ ಮೇಲೆ ಕುಳಿತು ನೋಡಬೇಕು. ನಕ್ಷತ್ರದ ಪ್ರತಿ ಮೂಲೆಯಲ್ಲೂ ನಾಲ್ಕೈದು ಮಂದಿ ತಮ್ಮಷ್ಟಕ್ಕೆ ಕೂರಬಹುದು; ಪಕ್ಕದ ಮೂಲೆಯವರ ಮಾತು ಇವರಿಗೆ ತೊಡಕಾಗದು, ಆದರೂ ಎಲ್ಲರೂ ಒಂದೇ ಸೂರಿನ ಕೆಳಗಿದ್ದಾರೆ. ಒಳಗೆ ತಂಪು, ಹೊರಗಿನ ಮರಗಿಡ ಕಣ್ಣಿಗೆ ಬೀಳುತ್ತದೆ. ಊಟದ ಹಜಾರಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆಯನ್ನು ಯಾವ ಕಂಪನಿಯಾದರೂ ಕೊಟ್ಟೀತೇ? ಇದಕ್ಕೆ ಒಂದೇ ಒಂದು ವಿಗ್ರಹವೂ ಬೇಕಿಲ್ಲ. ಸಾದಾ ಇಟ್ಟಿಗೆಯಲ್ಲಿ, ಮಂಗಳೂರು ಹೆಂಚಿನಲ್ಲಿ ಕಟ್ಟಿದರೂ ಅದು ಹೊಯ್ಸಳರಿಂದ ಕಲಿತದ್ದೇ ಆಗುತ್ತಿತ್ತು.

ಈ ಮಾತು ಹೇಳುವಾಗ ನಾನು ನಿಂತಿದ್ದುದು ಹೋಟೆಲಿನ ಹಿಂಗೋಡೆಯ ಬಳಿ. ಅದರಾಚೆಗೇ ಕೆರೆ. ಇಡೀ ಕಟ್ಟಡದಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಗೋಪುರವಲ್ಲ, ಹನ್ನೆರಡು ದರ್ಪಣಸುಂದರಿಯರೂ ಅಲ್ಲ, ಈ ಗೋಡೆ. ದೋರಸಮುದ್ರವೆಂದು ರಾಜಧಾನಿಗೆ ಕೆರೆಯ ಹೆಸರನ್ನೇ ಇಟ್ಟುಕೊಂಡ ಜನರ ನಾಡು ಇದು. ಅರಸಿಯ ಕೆರೆಯಿಂದ ಅರಸೀಕೆರೆಯಾಯಿತು. ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಕಲ್ಯಾಣಿಗೇ ಸುತ್ತ ಮೆಟ್ಟಿಲಿಟ್ಟು ಪುಟ್ಟ ಗುಡಿಗಳನ್ನು ಕಟ್ಟಿದರು. ಇಲ್ಲಿ ಹೋಟೆಲಿಗೆ ಪುಕ್ಕಟೆಯಾಗಿ ಸಿಕ್ಕಿದ್ದ ಕೆರೆಯ ಕಡೆಗೆ ಒಂದು ಕಿಂಡಿಯೂ ಇಲ್ಲದ ಗೋಡೆ ಎದ್ದಿದೆ. ಅದಕ್ಕೆ ಒರಗಿಸಿ ಜನರೇಟರು ಕೋಣೆ, ಶೌಚಾಲಯ, ಪಾತ್ರೆ ತೊಳೆಯುವ ಜಾಗ. ಗೋಡೆಯ ಒಳಮೈಗೆ ಕೆರೆಯದೊಂದು ದೊಡ್ಡ ಛಾಯಾಚಿತ್ರ ಅಂಟಿಸುವ ಆಲೋಚನೆಯಿದೆಯಂತೆ, ಸ್ವಿಟ್ಜರ್‌ಲೆಂಡಿನ ಕೆರೆ. ಎಸಿ ಇರುವುದರಿಂದ ಕಿಟಕಿ ಬೇಡವೆಂದು ಕಂಪನಿಯವರು ಹೇಳಿದರು; ಕಿಟಕಿಯಿಲ್ಲದ್ದರಿಂದ ಹಗಲೂ ದೀಪ ಬೇಕು; ದೀಪವೂ ಎಸಿಯೂ ಇರುವುದರಿಂದ ದೊಡ್ಡ ಜನರೇಟರು ಬೇಕು; ಜನರೇಟರಿನ ಸದ್ದು ಕೇಳಿಸಬಾರದಾದ್ದರಿಂದ ಗೋಡೆಯಲ್ಲಿ ಕಿಂಡಿ ಕೂಡದು. ಈ ಸುತ್ತು ಪೂರ್ತಿಯಾದಾಗ ಸಾಲದ ಮೊತ್ತ ಎಷ್ಟಕ್ಕೆ ಏರಿತೆಂಬುದನ್ನು ಅವರೇ ಹೇಳಿದರು. ಅಡುಗೆಮನೆಗೆ ಮಾತ್ರ ಎಸಿ ಇಲ್ಲ, ಕಿಟಕಿಯೂ ಇಲ್ಲ. ಆರು ಒಲೆಗಳ ಮುಂದೆ ಮೇ ತಿಂಗಳಿನಲ್ಲಿ ನಿಲ್ಲುವವರನ್ನು ಕುರಿತು ಆ ನಕ್ಷೆ ಬರೆದವರು ಒಂದು ಕ್ಷಣವೂ ಯೋಚಿಸಿರಲಿಲ್ಲ. ಬೆಂಗಳೂರಿನ ದರ್ಶಿನಿಗಳು 1980ರ ದಶಕದಿಂದ ಅಡುಗೆಯನ್ನು ಗಿರಾಕಿಯ ಕಣ್ಣೆದುರಿಗೆ ತಂದು ಗೆದ್ದವು; ಇಲ್ಲಿ ಅದನ್ನು ಕತ್ತಲೆಗೆ ತಳ್ಳಲಾಗಿದೆ.

“ಬಂದವರು ಫೋಟೋ ತೆಗೀಬೇಕು ಸಾರ್. ಈಗ ಹೋಟ್ಲು ನಡೆಯೋದೇ ಅದರ ಮೇಲೆ” ಎಂಬುದು ಮಾಲೀಕರ ಉತ್ತರ. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಜೇಬಿನಲ್ಲಿ ಕ್ಯಾಮೆರಾ ಇಲ್ಲದವರು ಯಾರೂ ಇಲ್ಲದ ಕಾಲವಿದು. ಆದರೆ ಫೈಬರಿನ ಮದನಿಕೆಯೊಡನೆ ಚಿತ್ರ ತೆಗೆಸಿಕೊಂಡವನು ಅರ್ಧಗಂಟೆಯ ನಂತರ ನಿಜವಾದವಳ ಮುಂದೆ ನಿಂತು ಇನ್ನೊಂದು ತೆಗೆಯುತ್ತಾನೆ. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತಾನೆ, ಯಾವುದನ್ನು ಅಳಿಸುತ್ತಾನೆ? ಸಂಜೆಯ ಬೆಳಕಿನ ಕೆರೆ, ಅದರ ದಡದ ತೆಂಗಿನಸಾಲು, ಮುಂದೆ ಬಾಳೆಯೆಲೆ, ಇಂಥ ಚಿತ್ರ ಅವನಿಗೆ ಹಳೇಬೀಡಿನಲ್ಲಿ ಸಿಗುವುದಿಲ್ಲ, ಬೇಲೂರಿನಲ್ಲೂ ಸಿಗುವುದಿಲ್ಲ. ಇಲ್ಲಿ ಮಾತ್ರ ಸಿಗುತ್ತದೆ.

ಇದಕ್ಕೆಲ್ಲ ಕಾನೂನು ಬೇಕೆಂದು ಕೆಲವರು ಹೇಳುತ್ತಾರೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರು ನಿಷೇಧಿತ ಪ್ರದೇಶ, ಅಲ್ಲಿಂದಾಚೆಗೆ ಇನ್ನೂರು ಮೀಟರು ನಿಯಂತ್ರಿತ ಪ್ರದೇಶ. ನಾನು ನೋಡಿದ ಹೋಟೆಲು ಅದರಿಂದ ಎಷ್ಟೋ ಕಿಲೋಮೀಟರು ಆಚೆಗಿದೆ. ಅಭಿರುಚಿಯನ್ನು ಕಾಯ್ದೆಯಿಂದ ಕಲಿಸಲು ಹೊರಟರೆ ನಾಳೆ ಯಾವುದೋ ಕಚೇರಿಯ ಗುಮಾಸ್ತರು ಆನೆ ಮೇಲಿರಬೇಕೋ ಕೆಳಗಿರಬೇಕೋ ಎಂದು ನಿರ್ಧರಿಸುವ ಸ್ಥಿತಿ ಬಂದೀತು. ಆದರೆ ಪ್ರವಾಸೋದ್ಯಮಕ್ಕೆ ಸಾಲ ಕೊಡುವ, ಸಹಾಯಧನ ಕೊಡುವ ವ್ಯವಸ್ಥೆಗಳು ಕಟ್ಟಡದ ನಕ್ಷೆಗೆ ಒಬ್ಬ ಒಳ್ಳೆಯ ವಾಸ್ತುಶಿಲ್ಪಿಯ ಸಲಹೆಯನ್ನು ಕಡಿಮೆ ಖರ್ಚಿನಲ್ಲಿ ದೊರಕಿಸಿದರೆ ಅದು ಅಧಿಕಪ್ರಸಂಗವೇನೂ ಆಗದು. ತೋಟ ಮಾರಿ ಹೋಟೆಲು ಕಟ್ಟುವ ರೈತನಿಗೆ ಇವತ್ತು ಸಲಹೆಗಾರನೆಂದರೆ ಅಚ್ಚು ಮಾರುವ ಕಂಪನಿಯ ಏಜೆಂಟನೊಬ್ಬನೇ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಅನ್ಯಾಯವಾದೀತು. ನಮ್ಮಲ್ಲಿ ಕಲ್ಲು ಕೆತ್ತುವವರು ಇನ್ನೂ ಇದ್ದಾರೆ. ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಉಳಿಯ ಸದ್ದು ನಿಂತಿಲ್ಲ, ಕಾರ್ಕಳದ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ತರಬೇತಿ ಪಡೆದ ಹುಡುಗರು ನಾಡಿನಾದ್ಯಂತ ಹರಡಿಕೊಂಡಿದ್ದಾರೆ. ಜಕಣಾಚಾರಿಯ ಹೆಸರಿನಲ್ಲಿ ಸರ್ಕಾರ ಪ್ರಶಸ್ತಿಯನ್ನೂ ಇಟ್ಟಿದೆ. ಹನ್ನೆರಡು ಫೈಬರು ಬೊಂಬೆಗಳಿಗೆ, ಇಪ್ಪತ್ತು ಕವಚಗಳಿಗೆ, ಗೋಡೆಯ ಪಟ್ಟಿಕೆಗೆ, ಗೋಪುರಕ್ಕೆ ಆದ ಖರ್ಚನ್ನು ಮಾಲೀಕರು ಒಟ್ಟು ಹಾಕಿ ಹೇಳಿದಾಗ, ಅದರ ಸಣ್ಣದೊಂದು ಪಾಲಿನಲ್ಲಿ ಒಬ್ಬ ಶಿಲ್ಪಿಗೆ ಕೆಲವು ತಿಂಗಳ ಕೆಲಸ ಕೊಟ್ಟು ಬಳಪದ ಕಲ್ಲಿನ ಒಂದೇ ಒಂದು ವಿಗ್ರಹವನ್ನು ಮಾಡಿಸಬಹುದಿತ್ತೆನ್ನಿಸಿತು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಅದು. ಒಂದೇ ಸಾಕು. ಪೀಠದ ಮೇಲೆ ಕೆತ್ತಿದವನ ಹೆಸರಿರಬೇಕು, ದಾಸೋಜನದಿದ್ದಂತೆ.

ಮಾಲೀಕರು ನನ್ನ ಮಾತಿಗೆ ಎದುರಾಡಲಿಲ್ಲ, ಒಪ್ಪಲೂ ಇಲ್ಲ. ಖರ್ಚಾಗಿ ಹೋದ ಹಣದ ಮುಂದೆ ಕಲಾವಿಮರ್ಶೆ ಎಷ್ಟರದು? ಗೋಪುರ ಉಳಿಯುತ್ತದೆ, ಕಂಬಗಳೂ ಉಳಿಯುತ್ತವೆ. ಆನೆಗಳನ್ನು ಕೆಳಗಿಳಿಸಲು ಕಂಪನಿಯವರು ಮತ್ತೆ ಹಣ ಕೇಳಿದ್ದಾರೆ. ಅದು ಬೇಡವೆಂದು ನಾನೇ ಹೇಳಿದೆ. ಹನ್ನೆರಡು ಮಂದಿಯಲ್ಲಿ ಹನ್ನೊಂದನ್ನು ಇಳಿಸಿ ಉಗ್ರಾಣಕ್ಕೆ ಹಾಕುವ ಬಗೆಗೆ ಅವರ ಮಗಳು, ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವವಳು, ತಂದೆಯೊಡನೆ ವಾದ ನಡೆಸುತ್ತಿದ್ದಾಳೆ. ಹಿಂಗೋಡೆಯ ವಿಚಾರಕ್ಕೆ ಮಾತ್ರ ಅವರು ಊರಿನ ಮೇಸ್ತ್ರಿಯನ್ನು ಕರೆಸಿದರು. ಆತ ಟೇಪು ಹಿಡಿದು ಅಳೆದ, ಗೋಡೆಯನ್ನು ಎರಡು ಕಡೆ ತಟ್ಟಿದ, ಇದು ಭಾರ ಹೊತ್ತ ಗೋಡೆಯಲ್ಲ, ಎಲ್ಲಿ ಬೇಕಾದರೂ ಒಡೆಯಬಹುದೆಂದ. ಹತ್ತಡಿ ಅಗಲದ ಮೂರು ತೆರಪುಗಳಿಗೆ, ಕೆಳಗೆ ಕೂರುವ ಜಗುಲಿಯನ್ನೂ ಸೇರಿಸಿ, ಒಂದು ವಾರ ಕೇಳಿದ್ದಾನೆ. ಜನರೇಟರು ಕೋಣೆಯನ್ನು ಎಲ್ಲಿಗೆ ಸರಿಸುವುದೆಂಬುದು ಇನ್ನೂ ತೀರ್ಮಾನವಾಗಿಲ್ಲ.